ಐನೂರು ಮಿಲಿಗ್ರಾಮ್

ಪುಣೆಯ ಕೋಥ್ರೂಡಿನ ಆ ಮನೆಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಮೇಲೆ ಕೆಂಪು ಶಾಯಿಯಲ್ಲಿ 500 ಎಂದಿದೆ, ಕೆಳಗೆ ಸಣ್ಣ ಸಣ್ಣ ಅಂಕಿಗಳು. ಹಾಸನದ ಕಡೆಯ ಹಳ್ಳಿಯಿಂದ ಬಂದ ಅತ್ತೆ ಮೊದಲ ದಿನ ಅದನ್ನು ಹಾಲಿನವನ ಬಾಕಿ ಅಂದುಕೊಂಡಿದ್ದರು.

ಬಾಕಿ ಹೌದು, ಆದರೆ ಹಾಲಿನವನದಲ್ಲ. ಮೊಮ್ಮಗನಿಗೆ ಆಗ ಹದಿಮೂರು ತಿಂಗಳು. ಮೂರು ತಿಂಗಳ ಕೂಸಾಗಿದ್ದಾಗ ಅವನ ಮಲದಲ್ಲಿ ರಕ್ತದ ಎಳೆ ಕಾಣಿಸಿಕೊಂಡಿತ್ತು. ತಾಯಿಹಾಲು ಬಿಟ್ಟು ಬೇರೇನೂ ಕುಡಿಯದ ಮಗು. ಮಕ್ಕಳ ಡಾಕ್ಟರು ತಾಯಿಗೇ ಹಾಲು, ಮೊಸರು, ಬೆಣ್ಣೆ ಎಲ್ಲ ನಿಲ್ಲಿಸಲು ಹೇಳಿದರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ಅವರು ಹೇಳಿದಂತೆ ಮತ್ತೆ ಮೊಸರು ತಿಂದು ನೋಡಿದಾಗ ಮರಳಿ ಬಂತು. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಎಂಬುದು ಹಾಗೆ ಖಚಿತವಾಯಿತು.

ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆಯೇ ಬೇರೆ, ಇದೇ ಬೇರೆ. ಇಲ್ಲಿ ದೇಹ ಹಾಲಿನ ಪ್ರೋಟೀನನ್ನೇ ಶತ್ರು ಎಂದು ತಿಳಿಯುತ್ತದೆ. ಎಮ್ಮೆ ಹಾಲು, ಮೇಕೆ ಹಾಲಿನ ಪ್ರೋಟೀನ್‌ಗಳೂ ಹೆಚ್ಚುಕಡಿಮೆ ಅದೇ ತರಹದವು, ಹಾಗಾಗಿ ಅವೂ ಬದಲಿಯಾಗುವುದಿಲ್ಲ. ತುಪ್ಪದಲ್ಲೂ ಚೂರುಪಾರು ಉಳಿದಿರಬಹುದು. ಸೊಸೆ ಇದನ್ನೆಲ್ಲ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡೇ ಮೂರು ಮಕ್ಕಳನ್ನು ಸಾಕಿದ ಅತ್ತೆಗೆ ಅದು ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ.

ಬಂದ ನಾಲ್ಕನೇ ದಿನ ಸೊಸೆ ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಕೆನೆಮೊಸರಿನಲ್ಲಿ ಬೆರಳದ್ದಿ ಮಗುವಿಗೆ ನೆಕ್ಕಿಸಿದರು. ಮಧ್ಯಾಹ್ನದೊಳಗೆ ಎರಡು ಸಲ ವಾಂತಿ. ಮರುದಿನ ಡೈಪರಿನಲ್ಲಿ ರಕ್ತದ ಎಳೆ. ಅತ್ತೆ ತಾವಾಗಿಯೇ ಹೇಳಿದರು, "ನಾನೇ ಕಣಮ್ಮ, ಒಂದು ಬೆರಳಷ್ಟು." ಸೊಸೆ ಏನೂ ಅನ್ನಲಿಲ್ಲ. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೇನೋ. ಎರಡು ದಿನ ಮನೆಯಲ್ಲಿ ಮಿಕ್ಸಿ ಸದ್ದು ಬಿಟ್ಟರೆ ಮಾತಿರಲಿಲ್ಲ.

ಮೂರನೇ ದಿನ ಅತ್ತೆ ಫ್ರಿಜ್ ಮುಂದೆ ನಿಂತು ಕೇಳಿದರು, "ಈ ಐನೂರು ಅಂದ್ರೆ ಏನು?"

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಮ್ ಕ್ಯಾಲ್ಸಿಯಂ ಬೇಕು. ಹಸುವಿನ ಹಾಲಿನಲ್ಲಿ 100 ಮಿಲಿಗೆ ಸುಮಾರು 120 ಇರುತ್ತದೆ. ಹಾಲು ಕುಡಿಯುವ ಮಗುವಿಗೆ ಎರಡು ಲೋಟದಲ್ಲಿ ಲೆಕ್ಕ ಮುಗಿಯಿತು. ಈ ಮಗುವಿಗೆ ಚಮಚ ಚಮಚವಾಗಿ ಕೂಡಿಸಬೇಕು.

"ಅಷ್ಟೇ ತಾನೇ? ರಾಗಿ ಇಲ್ವಾ?" ಎಂದರು ಅತ್ತೆ. ಸಂಜೆಯೇ ಮಗನನ್ನು ಕಿರಾಣಿ ಅಂಗಡಿಗೆ ಕಳಿಸಿದರು. ಅಲ್ಲಿ ಅದರ ಹೆಸರು ನಾಚಣಿ. ತೊಳೆದು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದರು. ರಾಗಿಯಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇದೆ, ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ ಎಂದು ಸೊಸೆ ಓದಿದ್ದಳು. ಅತ್ತೆ ಅದನ್ನು ಓದಿರಲಿಲ್ಲ, ಮಾಡಿಕೊಂಡು ಬಂದಿದ್ದರು ಅಷ್ಟೆ. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಲು ಹೊರಟಾಗ ಮಾತ್ರ ಸೊಸೆ ತಡೆದಳು. "ಬೇಡ ಅತ್ತೆ. ಸಿಪ್ಪೆಯಲ್ಲೇ ಕ್ಯಾಲ್ಸಿಯಂ ಜಾಸ್ತಿ. ವರ್ಷ ತುಂಬಿದೆಯಲ್ಲ, ಜರಡಿ ಹಿಡಿದರೆ ಸಾಕು."

ಆದರೆ ಲೆಕ್ಕ ಹಾಕಿದಾಗ ಅತ್ತೆಯ ಮುಖ ಸಣ್ಣಗಾಯಿತು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಮ್. ಬೇರೆ ಧಾನ್ಯಗಳ ಮುಂದೆ ಅದು ದೊಡ್ಡ ಅಂಕಿಯೇ. ಆದರೆ ಮಗು ದಿನಕ್ಕೆ ತಿನ್ನುವುದು 40 ಗ್ರಾಂ ಹಿಟ್ಟಿನ ಸರಿ, ಅಂದರೆ 145ರ ಆಸುಪಾಸು. ಬರೀ ರಾಗಿಯಲ್ಲೇ 500 ಮುಟ್ಟಬೇಕಾದರೆ ಸುಮಾರು 140 ಗ್ರಾಂ ಹಿಟ್ಟು ಬೇಕು. ಆ ಪುಟ್ಟ ಹೊಟ್ಟೆಗೆ ಅಷ್ಟು ಹಿಡಿಸುವುದಿಲ್ಲ.

ಹೀಗೆ ಇಬ್ಬರೂ ಸೇರಿ ಉಳಿದದ್ದನ್ನು ಹುಡುಕಿದರು. ಎಳ್ಳಿನಲ್ಲಿ 100 ಗ್ರಾಂಗೆ 1200ಕ್ಕೂ ಹೆಚ್ಚಿದೆ, ಆದರೆ ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಬಹುಪಾಲು ಹೋಗಿರುತ್ತದೆ. ಸಿಪ್ಪೆಯಲ್ಲಿರುವುದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಎಳ್ಳೂ ಕೆಲವು ಮಕ್ಕಳಿಗೆ ಅಲರ್ಜಿಯಾದ್ದರಿಂದ ಚಿಟಿಕೆಯಿಂದ ಶುರುಮಾಡಿ, ಮೆಲ್ಲಗೆ ಒಂದು ಚಮಚಕ್ಕೆ ಏರಿಸಿದರು. ಹುರಿದು ಪುಡಿಮಾಡಿ ಅನ್ನಕ್ಕೆ ಕಲಸಿದರೆ ಮಗು ಬಾಯಿ ಚಪ್ಪರಿಸುತ್ತಿತ್ತು. ಪಾಲಕ್ ಲೆಕ್ಕಕ್ಕೆ ಬರಲಿಲ್ಲ. ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುವುದಿಲ್ಲ. ಸೊಸೈಟಿಯ ಹಿಂಭಾಗದಲ್ಲಿ ನುಗ್ಗೆಮರವಿರುವುದನ್ನು ಕಂಡುಹಿಡಿದವರು ಅತ್ತೆ. ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ವಾಚ್‌ಮನ್ ಜೊತೆ ಮಾತಾಡಿ ದಿನಾ ಒಂದು ಹಿಡಿ ಸೊಪ್ಪು ತರಿಸಿಕೊಳ್ಳುತ್ತಿದ್ದರು.

ಆದರೂ ಸಾಲದು. ಉಳಿದ ಕೊರತೆಗೆ ಡಾಕ್ಟರನ್ನು ಕೇಳಿ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ತಂದರು. ಹಸುವಿನ ಹಾಲು ಒಗ್ಗದ ಕೆಲವು ಮಕ್ಕಳಿಗೆ ಸೋಯಾ ಕೂಡ ಒಗ್ಗುವುದಿಲ್ಲ. ಇವನಿಗೆ ಒಗ್ಗಿತು. "ಮನೆಯಲ್ಲೇ ಬಾದಾಮಿ ಹಾಲು ಮಾಡಿದ್ರೆ ಆಗಲ್ವಾ?" ಎಂದರು ಅತ್ತೆ. ಮನೆಯಲ್ಲಿ ಮಾಡಿದ್ದರಲ್ಲಿ ಹೊರಗಿನಿಂದ ಸೇರಿಸಿದ ಕ್ಯಾಲ್ಸಿಯಂ ಇರುವುದಿಲ್ಲ, ಬಾದಾಮಿಯಿಂದ ಇಳಿಯುವುದೂ ತೀರ ಕಡಿಮೆ. ಪೊಟ್ಟಣದ ಹಾಲನ್ನು ಅತ್ತೆ ಮನಸ್ಸಿಲ್ಲದೆ ಒಪ್ಪಿಕೊಂಡರು. ಅಂದಿನಿಂದ ಚೆನ್ನಾಗಿ ಅಲ್ಲಾಡಿಸಿ ಬಗ್ಗಿಸುವವರೂ ಅವರೇ, ಏಕೆಂದರೆ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ.

ಸರಿ 145, ಎಳ್ಳು 60, ನುಗ್ಗೆ 45, ಸೋಯಾ 180, ರಾತ್ರಿ ಬೆಳಿಗ್ಗೆಯ ತಾಯಿಹಾಲಿನಿಂದ ಒಂದು 60. ಒಟ್ಟು 490. ಇದೆಲ್ಲ ಮೂಳೆಗೆ ಸೇರಲು ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ. ಎಳ್ಳು ತಪ್ಪಿದ ದಿನ, ಮಗು ಸರಿ ಉಗುಳಿದ ದಿನ ಅಂಕಿ ಇಳಿಯುತ್ತಿತ್ತು. ಒಂದು ದಿನದ್ದಲ್ಲ, ವಾರದ್ದು ನೋಡಿ ಎಂದಿದ್ದರು ಡಾಕ್ಟರು.

ಒಂದು ಸಂಜೆ ಅತ್ತೆ ಹಾಳೆಯನ್ನೇ ನೋಡುತ್ತಾ ಕೇಳಿದರು, "ನಿನ್ನ ಲೆಕ್ಕ ಎಲ್ಲಿ?"

ಸೊಸೆಗೆ ಅರ್ಥವಾಗಲಿಲ್ಲ.

"ನೀನೂ ಹಾಲು ಮೊಸರು ಬಿಟ್ಟು ಹತ್ತು ತಿಂಗಳಾಯ್ತಲ್ಲಮ್ಮ. ಮಗೂಗೆ ಬೇರೆ ಕುಡಿಸ್ತಿದೀಯ. ನಿನಗೆಷ್ಟು ಬೇಕು?"

ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ಉತ್ತರವಿತ್ತು. ಹಾಲೂಡಿಸುವ ತಾಯಿಗೆ 1200. ಹತ್ತಾರು ಸಲ ಆ ಪುಟ ತೆರೆದಿದ್ದ ಸೊಸೆಯ ಕಣ್ಣು ಆ ಸಾಲಿಗೆ ಹೋಗಿರಲೇ ಇಲ್ಲ. ತಾಯಿಯ ಊಟದಲ್ಲಿ ಕಡಿಮೆಯಾದರೆ ಮಗುವಿನ ಪಾಲು ತಾಯಿಯ ಮೂಳೆಯಿಂದ ಹೋಗುತ್ತದೆ. ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯ ಡಬ್ಬಿ ಅರ್ಧದಷ್ಟು ತುಂಬಿ ಹಾಗೆಯೇ ಇತ್ತು. ಅತ್ತೆ ತಮ್ಮ ಬಲ ಮಣಿಕಟ್ಟನ್ನು ಮುಂದೆ ಹಿಡಿದರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಕೈಯೂರಿ ಬಿದ್ದು ಮುರಿದದ್ದು, ಈಗಲೂ ಸ್ವಲ್ಪ ಸೊಟ್ಟ.

"ಮಕ್ಕಳಿಗೆ, ಮನೆಗೆ ಬರೋರಿಗೆ ಅಂತ ಬಡಿಸಿದೆ. ನಾನು ಕುಡೀತಿದ್ದದ್ದು ನೀರುಮಜ್ಜಿಗೆ. ಹಸು ಎರಡಿದ್ವು, ಆದರೂ ಅಷ್ಟೇ."

ಅತ್ತೆ ಊರಿಗೆ ಹೊರಟ ದಿನ ಡಬ್ಬಿ ತುಂಬ ರಾಗಿಹಿಟ್ಟು ಮಾಡಿಟ್ಟರು. ಹೆಚ್ಚಿನ ಮಕ್ಕಳಿಗೆ ಈ ಅಲರ್ಜಿ ಬೆಳೆಯುತ್ತಾ ಹೋಗಿಬಿಡುತ್ತದಂತೆ. ಮತ್ತೆ ಹಾಲು ಕೊಟ್ಟು ನೋಡುವುದು ಯಾವಾಗ ಎಂದು ಡಾಕ್ಟರೇ ಹೇಳಬೇಕು. ಅಲ್ಲಿಯವರೆಗೆ ಫ್ರಿಜ್ ಮೇಲೆ ಹಾಳೆ ಇರುತ್ತದೆ. ಈಗ ಅದರಲ್ಲಿ ಎರಡು ಕಾಲಂ. ಎರಡನೆಯದರ ಮೇಲೆ 1200 ಎಂದು ಬರೆದದ್ದು ಅತ್ತೆ, ಸೊಟ್ಟ ಕೈಯಲ್ಲಿ, ನೀಲಿ ಪೆನ್ನಿನಿಂದ.