ಕೈವಸ್ತ್ರದ ಹೂಗಳು

ಟರ್ಕಿ ಟವಲು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಚ್ಚಲಮನೆಯ ಗಳುವಿನ ಮೇಲೆ ತೂಗುವ ದಪ್ಪನೆಯ ಒರಟು ಬಟ್ಟೆ. ಆ ದೇಶದ ಗೃಹಿಣಿಯರು ಕೈಯಾರೆ ಸಿಂಗರಿಸಿದ ಕೈವಸ್ತ್ರವು ಬೇರೊಂದುಂಟೆಂಬುದು, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅಂಥದನ್ನು ಕಾಣುವವರೆಗೆ ನನಗೂ ತಿಳಿದಿರಲಿಲ್ಲ. ನವುರಾದ ಬಟ್ಟೆ, ನಡುವೆಲ್ಲ ಬರಿದು, ಎರಡು ಸೆರಗುಗಳಲ್ಲಿ ಮಾತ್ರ ಬಣ್ಣದ ರೇಷ್ಮೆಯಿಂದಲೂ ಜರಿಯೆಳೆಯಿಂದಲೂ ತೆಗೆದ ಹೂಗಿಡಗಳು. ಕೈ ಒರಸಿಕೊಳ್ಳುವುದಕ್ಕೆ ಇಷ್ಟೆಲ್ಲ ಏತಕ್ಕೆ ಎಂದುಕೊಂಡೆ. ಅದು ಜಿಪುಣನ ಯೋಚನೆ, ಒಪ್ಪುತ್ತೇನೆ.

ಉಸ್ಮಾನಿ ತುರ್ಕರ ಮನೆಗಳಲ್ಲಿ ಊಟದ ಮೊದಲೂ ಕೊನೆಗೂ ಹೂಜಿ ಬೋಗುಣಿಗಳನ್ನು ತಂದು ಅತಿಥಿಯ ಕೈಗೆ ನೀರೆರೆಯುವರು; ಹಿಂದೆಯೇ ಈ ವಸ್ತ್ರವನ್ನು ನೀಡುವರು. ಗಂಟು ಕಟ್ಟುವ ಚೌಕಕ್ಕೆ ‘ಬೊಹ್ಚಾ’ ಎಂದು ಹೆಸರು, ಊಟದಲ್ಲಿ ತೊಡೆಯ ಮೇಲೆ ಹಾಸುವುದಕ್ಕೆ ‘ಪೆಶ್ಕಿರ್’. ಹುಡುಗಿಯರು ಎಳವೆಯಿಂದಲೇ ತಮ್ಮ ಮದುವೆಗೆಂದು ಇವುಗಳ ಮೇಲೆ ಕಸೂತಿಮಾಡಿ ಕೂಡಿಡುತ್ತಿದ್ದರು. ದೊಡ್ಡ ಹೊದಿಕೆಗಳ ಮಾತು ಇನ್ನೂ ಸ್ವಾರಸ್ಯ. ಮಗ್ಗದ ಅಗಲ ಸಾಲದ ಕಾರಣ ಪಟ್ಟೆಗಳನ್ನು ಬೇರೆ ಬೇರೆಯಾಗಿಯೇ ಕಸೂತಿಮಾಡಿ ಆಮೇಲೆ ಜೋಡಿಸುತ್ತಿದ್ದರು. ಆದುದರಿಂದ ಎಷ್ಟೋ ಕಡೆ ಒಂದು ಪಟ್ಟೆಯ ಹೂವಿನ ದಳ ಮತ್ತೊಂದರ ದಳಕ್ಕೆ ಕೂಡದೆ ಓರೆಯಾಗಿ ನಿಂತಿದೆ. ಆ ತಪ್ಪು ನನಗೆ ಪ್ರಿಯವಾಯಿತು.

ಹಲವು ಕೈವಸ್ತ್ರಗಳಿಗೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಮಡಿಚಿ ತಿರುವಿ ಬಳಸುವ ಬಟ್ಟೆಯ ಎರಡು ಮೈಯೂ ಕಣ್ಣಿಗೆ ಬೀಳತಕ್ಕವೇ ಅಲ್ಲವೆ? ಇದಕ್ಕೆ ಒದಗುವ ಹೊಲಿಗೆಗಳಲ್ಲಿ ಒಂದರ ಕ್ರಮವಿದು: ಸೂಜಿಯು ಹೋಗುವಾಗ ಎಡೆಯೆಡೆ ಬಿಟ್ಟು ಹೋಗುವುದು, ಮರಳುವಾಗ ಅದೇ ಎಡೆಗಳನ್ನು ತುಂಬಿಕೊಂಡು ಬರುವುದು. ನಮ್ಮ ಧಾರವಾಡದ ಕಡೆ ‘ಗವಂತಿ’ ಎನ್ನುವುದೂ ಇದನ್ನೇ.

ನನ್ನ ತಾಯಿಯವರು ಒಂದು ಇಳಕಲ್ ಸೀರೆಯ ಮೇಲೆ ಗವಂತಿಯಲ್ಲಿ ಗೋಪುರ ತೆಗೆದು, ಒಳ್ಳೆಯ ದಿನ ಉಡೋಣವೆಂದು ಪೆಟ್ಟಿಗೆಯಲ್ಲಿಟ್ಟರು. ಅವರು ತೀರಿಕೊಂಡ ಮೇಲೆ ಬಿಚ್ಚಿ ನೋಡಿದರೆ ಮಡಿಕೆ ಮಡಿಕೆಗೂ ಬಟ್ಟೆ ಸೀಳಿತ್ತು. ಒಂದು ದಿನವೂ ಉಟ್ಟಿರಲಿಲ್ಲ.

1718ರಲ್ಲಿ ಇಂಗ್ಲಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಎಂಬಾಕೆ ಕಾನ್‌ಸ್ಟಾಂಟಿನೋಪಲ್ಲಿನಿಂದ ಬರೆದ ಕಾಗದವೊಂದಿದೆ. ಗತಿಸಿದ ಸುಲ್ತಾನ ಎರಡನೆಯ ಮುಸ್ತಫಾನ ರಾಣಿಯೊಬ್ಬಳ ಮನೆಯಲ್ಲಿ ಆಕೆಗೆ ಔತಣ. 50 ಬಗೆಯ ಮಾಂಸದ ಅಡಿಗೆ ಒಂದೊಂದಾಗಿ ಬಂದುವು. ಚಿನ್ನದ ಚೂರಿಗಳ ಹಿಡಿಗಳಲ್ಲಿ ವಜ್ರಗಳು. ಅವಾವುವೂ ಅಲ್ಲ, ರೇಷ್ಮೆ ಜರಿಗಳ ಹೂ ತುಂಬಿದ ತೆಳುವಾದ ಕೈವಸ್ತ್ರಗಳು ಆಕೆಯ ಮನಸ್ಸನ್ನು ನೋಯಿಸಿದುವು. ಒರಸುವುದಕ್ಕೆ ಕೈ ಬಾರದೆಯೇ ಒರಸಿಕೊಂಡಳು; ಊಟ ಮುಗಿಯುವುದರೊಳಗೆ ಅವೆಲ್ಲ ಕೆಟ್ಟುಹೋದುವಂತೆ. ಮನೆಯೊಡತಿ ಮರುಗಿದಳೆಂದು ಆ ಕಾಗದದಲ್ಲಿಲ್ಲ.

ತಾಯಿಯವರ ಸೀರೆಯಲ್ಲಿ ಗಟ್ಟಿಯಾಗಿ ಉಳಿದದ್ದು ಸೆರಗಿನ ಒಂದು ತುಂಡು. ಈ ಬೇಸಗೆಯಲ್ಲಿ ನನ್ನ ತಂಗಿಯು ಅದನ್ನು ಕತ್ತರಿಸಿ ತನ್ನ ಮೊಮ್ಮಗಳಿಗೆ ಕುಂಚಿಗೆ ಹೊಲಿದಳು. ಎರಡನೆಯ ದಿನವೇ ಅದರ ಮೇಲೆ ಹಾಲು ಚೆಲ್ಲಿತು. ತಂಗಿಯು ನನ್ನ ಮುಖ ನೋಡಿದಳು. ಹಾಗೆಯೇ ಇರಲಿ, ತೊಳೆದರಾಯಿತು ಎಂದೆ.