ಸೋರಿಹೋದ ತಂಪು

ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ವೃದ್ಧ ಬಂಧುವೊಬ್ಬರನ್ನು ಇಟ್ಟುಕೊಂಡಂತೆಯೇ ಸರಿ. ಇಂದು ಮಂಡಿನೋವು, ನಾಳೆ ಕೆಮ್ಮು, ನಾಡಿದ್ದು ಕಾರಣವೇ ತಿಳಿಯದ ಮುನಿಸು. ಆದರೂ ಅವರು ಜಗಲಿಯ ಮೇಲೆ ಕುಳಿತಿದ್ದರೆ ಮನೆಗೊಂದು ಗಾಂಭೀರ್ಯವಿರುತ್ತದೆ.

ಕಲಬುರಗಿಯ ನಿವೃತ್ತ ಭೌತಶಾಸ್ತ್ರದ ಅಧ್ಯಾಪಕರೊಬ್ಬರ ಮನೆಯಲ್ಲಿ ಅಂಥದೊಂದು ಬಂಧು ಉಂಟು. ಅದು 1993ರ ಕಾಂಟೆಸ್ಸಾ. ಬಂಗಾಳದ ಉತ್ತರಪಾಡಾದಲ್ಲಿ 1984ರಿಂದ 2002ರವರೆಗೆ ತಯಾರಾದ, ನೀಳ ಮೂತಿಯ, ವಿಶಾಲ ಆಸನಗಳ ವಾಹನ. ಕೊಂಡವರು ಅಧ್ಯಾಪಕರ ಅಣ್ಣ. ಅವರು ತೀರಿಕೊಂಡ ಮೇಲೆ ಮೂರು ವರ್ಷಗಳ ಕಾಲ ಅದು ಹೊದಿಕೆ ಹೊದ್ದು ಹಿತ್ತಿಲ ಕೊಟ್ಟಿಗೆಯಲ್ಲಿ ನಿಂತಿತ್ತು. ಅದರ ಬಳಿಗೆ ಹೋಗಲು ಮನೆಯಲ್ಲಿ ಯಾರಿಗೂ ಮನಸ್ಸಾಗಿರಲಿಲ್ಲ.

ಒಂದು ವೈಶಾಖದಲ್ಲಿ ಎಂಬತ್ತಾರು ವರ್ಷದ ತಾಯಿ ತಮ್ಮ ಆಸೆಯನ್ನು ಹೇಳಿದರು: “ದೊಡ್ಡವನ ಗಾಡಿಯಲ್ಲಿ ಒಮ್ಮೆ ಗಾಣಗಾಪುರಕ್ಕೆ ಹೋಗಿಬರಬೇಕು.”

ಗಾಣಗಾಪುರವೇನೂ ದೂರವಲ್ಲ. ಆದರೆ ಹೊರಗೆ 42 ಡಿಗ್ರಿ ಬಿಸಿಲು. ತಾಯಿಯ ಹೃದಯವನ್ನು ಪರೀಕ್ಷಿಸಿದ ವೈದ್ಯರು ಸೆಕೆ ಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬ್ಯಾಟರಿ, ಟೈರುಗಳನ್ನು ಬದಲಿಸಿದ್ದಾಯಿತು. ಎಂಜಿನ್ನು ಕೆಮ್ಮುತ್ತ ಎದ್ದಿತು. ಏರ್ ಕಂಡೀಷನರಿನ ಗುಂಡಿ ತಿರುಗಿಸಿದರೆ ಮಾತ್ರ ಒಲೆಯ ಮುಂದೆ ಕುಳಿತಂತೆ ಬಿಸಿಗಾಳಿ ಬಂದಿತು.

“ಗ್ಯಾಸ್ ಮುಗಿದಿರಬೇಕು ಸ್ವಾಮಿ, ತುಂಬಿದರಾಯಿತು” ಎಂದ ಬಿಡಿಭಾಗದ ಅಂಗಡಿಯವನು, 450 ಗ್ರಾಮಿನ ಡಬ್ಬಿಯೊಂದನ್ನೂ ಒಂದು ಕೊಳವೆಯನ್ನೂ ಕೊಟ್ಟನು. ಅಧ್ಯಾಪಕರು ಅಂಗಳದಲ್ಲಿಯೇ ಡಬ್ಬಿಯನ್ನು ಜೋಡಿಸಿ ತುಂಬಿದರು. ಅರ್ಧ ಗಂಟೆಯೊಳಗೆ ಕಿಂಡಿಗಳಿಂದ ತಂಪು ಹರಿಯಿತು. ಮೂವತ್ತು ವರ್ಷ ಪಾಠ ಹೇಳಿದ್ದು ಅಂದು ಸಾರ್ಥಕವಾಯಿತೆಂದು ಅವರು ಬೀಗಿದರು. ಆದರೆ ಪಂಚಾಂಗ ನೋಡಿ ದಿನ ಗೊತ್ತುಮಾಡುವಷ್ಟರಲ್ಲಿ, ಎಂಟೇ ದಿನಕ್ಕೆ, ಮತ್ತೆ ಬಿಸಿಗಾಳಿ! ಇನ್ನೊಂದು ಡಬ್ಬಿ ತರಲು ಅವರು ಚೀಲ ಹಿಡಿದು ಹೊರಟಾಗ ಮನೆಯಾಕೆ ಕೇಳಿದರು:

“ಮೊನ್ನೆ ತುಂಬಿದ ಗಾಳಿ ಎಲ್ಲಿಗೆ ಹೋಯಿತು?”

ಅಧ್ಯಾಪಕರು ಚೀಲವನ್ನು ಕೆಳಗಿಟ್ಟರು. ದ್ರವ್ಯವು ನಾಶವಾಗುವುದಿಲ್ಲವೆಂದು ಸಾವಿರಾರು ಮಕ್ಕಳಿಗೆ ಬೋಧಿಸಿದವರು ಅವರು. ಈ ಅನಿಲವು ದೀಪದ ಎಣ್ಣೆಯಂತೆ ಉರಿದು ಮುಗಿಯುವಂಥದಲ್ಲ. ಕಂಪ್ರೆಸರು ಅದನ್ನು ಒತ್ತಿ ಬಿಸಿಮಾಡುತ್ತದೆ. ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಕ್ಕೆ ಬಿಟ್ಟು ದ್ರವವಾಗುತ್ತದೆ. ಕಿರಿದಾದ ದ್ವಾರದ ಮೂಲಕ ನುಗ್ಗಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾಣದ ಎತ್ತಿನಂತೆ ಅದೇ ಅನಿಲ ಸುತ್ತುತ್ತಿರಬೇಕು. ಕಡಿಮೆಯಾಯಿತೆಂದರೆ ಸೋರಿತೆಂದೇ ಅರ್ಥ. ತೂತು ಮುಚ್ಚದೆ ತುಂಬುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ.

ಆ ನೀರು ಅಂಗಳದಲ್ಲಿ ಇಂಗಿಹೋಗುವಂಥದೂ ಅಲ್ಲ. ಹಿಂದೆ ಇಂಥ ಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈ ಆಕ್ಸೈಡ್ ಮುಂತಾದ ವಿಷಾನಿಲಗಳಿದ್ದವು. ಅವುಗಳಿಗೆ ಬದಲಾಗಿ 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಹೊಸ ಬಗೆಯ ಅನಿಲಗಳನ್ನು ಸಿದ್ಧಪಡಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಜ್ಲಿ ಅದನ್ನು ಉಸಿರಾಗಿ ಎಳೆದುಕೊಂಡು, ಅದರಿಂದಲೇ ಮೋಂಬತ್ತಿಯನ್ನು ಊದಿ ಆರಿಸಿ, ಅದು ವಿಷವೂ ಅಲ್ಲ, ಉರಿಯುವುದೂ ಇಲ್ಲವೆಂದು ತೋರಿಸಿದನು. ಆ ಬಳಗದ ಆರ್-12 ಎಂಬ ಅನಿಲವೇ ಮುಂದೆ ಕಾರುಗಳನ್ನು ತಂಪಾಗಿಸಿತು. ಆದರೆ ಅದು ಮೇಲೇರಿ ಓಜೋನ್ ಪದರವನ್ನು ಕೆಡಿಸಬಲ್ಲುದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರದ ವರದಿ ಬಂದಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದನ್ನು ಸೇರಿತು. ಅಧ್ಯಾಪಕರು ತುಂಬಿದ್ದು ಆರ್-134ಎ. ಅದು ಓಜೋನಿಗೆ ಕೇಡು ಮಾಡದು ನಿಜ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅದೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಪಟ್ಟಿಗೂ ಹೆಚ್ಚು ಸಮರ್ಥ. ಒಂದು ಡಬ್ಬಿ ಸೋರಿದ್ದು ಅರ್ಧ ಟನ್ನಿಗೂ ಮಿಕ್ಕಿದ ಇಂಗಾಲದ ಹೊಗೆಗೆ ಸಮ. ತಾಯಿಯನ್ನು ಸೆಕೆಯಿಂದ ಕಾಪಾಡಲು ಹೊರಟವರು ಊರಿಗೆಲ್ಲ ಸೆಕೆ ಹಂಚಿದಂತಾಗಿತ್ತು.

ಮರುದಿನ ವೃದ್ಧ ಮಿಸ್ತ್ರಿಯೊಬ್ಬರು ಉಪಕರಣಗಳೊಂದಿಗೆ ಮನೆಗೇ ಬಂದರು. ಬಾನೆಟ್ಟು ಎತ್ತಿ, ಕಂಪ್ರೆಸರಿನ ಮೂತಿಯನ್ನು ಬೆರಳಿನಿಂದ ಸವರಿ ತೋರಿಸಿದರು. ಎಣ್ಣೆ ಬೆರೆತ ಧೂಳು ಕಪ್ಪಗೆ ಅಂಟಿತ್ತು.

“ಇಲ್ಲಿಯೇ ಸೋರಿರುವುದು. ಗಾಡಿ ಓಡದಿದ್ದರೆ ಒಳಗಿನ ಎಣ್ಣೆ ಈ ಸೀಲಿಗೆ ತಲಪುವುದಿಲ್ಲ, ಅದು ಒಣಗುತ್ತದೆ. ಓಡಿಸಿದ್ದರಿಂದ ಕೆಟ್ಟದ್ದಲ್ಲ ಇದು, ನಿಲ್ಲಿಸಿದ್ದರಿಂದ ಕೆಟ್ಟದ್ದು.”

ಅಧ್ಯಾಪಕರು ಏನೂ ಹೇಳಲಿಲ್ಲ. ಜಗಲಿಯ ಮೇಲಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೆಲಸ ಎರಡು ದಿನ ನಡೆಯಿತು. ಅಳಿದುಳಿದ ಅನಿಲವನ್ನು ಮಿಸ್ತ್ರಿ ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡರು. ಆರ್-12ರ ಜೊತೆಗಿದ್ದ ಖನಿಜ ತೈಲವು ಹೊಸ ಅನಿಲದಲ್ಲಿ ಬೆರೆಯುವುದಿಲ್ಲ. ಹಾಗೆಯೇ ಬಿಟ್ಟಿದ್ದರೆ ಕಂಪ್ರೆಸರು ಎಣ್ಣೆಯಿಲ್ಲದೆ ಸವೆದುಹೋಗುತ್ತಿತ್ತು. ಆದುದರಿಂದ ಕೊಳವೆಗಳನ್ನು ತೊಳೆದು, ಎಸ್ಟರ್ ತೈಲ ಹಾಕಿ, ಸೀಲನ್ನೂ ರಬ್ಬರ್ ಉಂಗುರಗಳನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಿದರು. ನೈಟ್ರೊಜನ್ ತುಂಬಿ, ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದರು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಬಳಿಕ ಮುಕ್ಕಾಲು ಗಂಟೆ ನಿರ್ವಾತ ಪಂಪು ನಡೆಯಿತು. ಒತ್ತಡವಿಳಿದಲ್ಲಿ ನೀರು ಬಿಸಿಯಿಲ್ಲದೆಯೇ ಕುದಿದು ಹೊರಬರುವುದೆಂದು ಅಧ್ಯಾಪಕರು ಪಾಠದಲ್ಲಿ ಹೇಳುತ್ತಿದ್ದುದು ಅಲ್ಲಿ ಕಣ್ಣೆದುರು ನಡೆಯುತ್ತಿತ್ತು. ಪಂಪು ನಿಲ್ಲಿಸಿ ಅರ್ಧ ಗಂಟೆ ಕಾದರು, ಮುಳ್ಳು ಕದಲಲಿಲ್ಲ.

ಆಮೇಲೆ ಕನ್ನಡಕ, ಕೈಚೀಲ ತೊಟ್ಟು ತುಂಬುವ ಕಾರ್ಯ. ಈ ದ್ರವವು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವುದರಿಂದ ಕಣ್ಣಿಗೋ ಚರ್ಮಕ್ಕೋ ಸಿಡಿದರೆ ಹೆಪ್ಪುಗಟ್ಟಿಸುತ್ತದೆ. ಡಬ್ಬಿಯನ್ನು ಕಡಿಮೆ ಒತ್ತಡದ ಕೊಳವೆಗೇ ಜೋಡಿಸಬೇಕು. ಹೆಚ್ಚಿನ ಒತ್ತಡದ ಕಡೆಗೆ ಜೋಡಿಸಿದರೆ ಡಬ್ಬಿಯೇ ಸಿಡಿದೀತು. ಎಂಜಿನ್ನು ನಡೆಯುವಾಗ ಅದನ್ನು ತಲೆಕೆಳಗು ಮಾಡಕೂಡದು. ದ್ರವ ನುಗ್ಗಿ ಕಂಪ್ರೆಸರು ಒಡೆದೀತು. ಅನಿಲವನ್ನು ಮಿಸ್ತ್ರಿ ತಕ್ಕಡಿಯಲ್ಲಿ ತೂಗಿಯೇ ಬಿಟ್ಟರು. ಹಳೆಯ ಅಳತೆಯ ನೂರಕ್ಕೆ ಎಂಬತ್ತರಷ್ಟು, ಹೆಚ್ಚಿಲ್ಲ. ಹೊರಗೆ 41 ಡಿಗ್ರಿಯಿದ್ದಾಗ ಕಿಂಡಿಯ ಬಳಿ ಉಷ್ಣಮಾಪಕ 14 ತೋರಿಸಿತು.

ಗುರುವಾರ ಮುಂಜಾನೆ ಕಾಂಟೆಸ್ಸಾ ಗಾಣಗಾಪುರಕ್ಕೆ ಹೊರಟಿತು. ದರ್ಶನ ಮುಗಿಸಿ, ಮಟಮಟ ಮಧ್ಯಾಹ್ನ ಹಿಂದಿರುಗುವಾಗ ತಾಯಿ ಸೆರಗನ್ನು ಹೆಗಲಿನ ಸುತ್ತ ಬಿಗಿಯಾಗಿ ಹೊದ್ದುಕೊಂಡರು.

“ಏನಪ್ಪಾ ಇದು ಚಳಿ! ಸ್ವಲ್ಪ ಕಿಟಕಿ ತೆಗೆ.”

ಇಷ್ಟೆಲ್ಲ ಪಾಡುಪಟ್ಟ ಅಧ್ಯಾಪಕರು ನಕ್ಕು, ಮಾತಾಡದೆ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರು.

ಈಗ ಪ್ರತಿ ಭಾನುವಾರ ಸಂಜೆ ಕಾರು ಹೊರಗೆ ಬರುತ್ತದೆ. ಸೀಲು ಒಣಗಬಾರದೆಂಬ ನೆಪದಲ್ಲಿ ಹತ್ತು ನಿಮಿಷ ಏರ್ ಕಂಡೀಷನರು ನಡೆಯುತ್ತದೆ. ಅಷ್ಟು ಹೊತ್ತೂ ತಾಯಿ ಹಿಂದಿನ ಆಸನದಲ್ಲಿ, ಹಿರಿಯ ಮಗನ ಬೆನ್ನ ಹಿಂದೆ ಕೂಡುತ್ತಿದ್ದ ಜಾಗದಲ್ಲಿಯೇ, ಶಾಲು ಹೊದ್ದು ಕುಳಿತಿರುತ್ತಾರೆ.