ಲಕ್ಷ ಮನೆಗಳ ನಗರದಲ್ಲಿ ಒಂದು ಲೋಟ ಮಜ್ಜಿಗೆ

ಮಠದ ಪಾಠಶಾಲೆಯಲ್ಲಿ ಕೆಳದಿ ಅರಸರ ಚರಿತ್ರೆಯನ್ನು ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದ: "ಗುರುಗಳೆ, ಬಿದನೂರಿನಲ್ಲಿ ಲಕ್ಷ ಮನೆಗಳಿದ್ದವು ಎನ್ನುತ್ತೀರಿ. ಪರಸ್ಥಳದವನೊಬ್ಬ ಹಸಿದು ಅಲ್ಲಿಗೆ ಬಂದರೆ ಉಣ್ಣುತ್ತಿದ್ದುದು ಎಲ್ಲಿ?" ನಾನು ಅರಸರ ವಂಶಾವಳಿಯನ್ನು ಇನ್ನೊಮ್ಮೆ ಒಪ್ಪಿಸಿ ಅವನನ್ನು ಕುಳ್ಳಿರಿಸಿದೆ. ಉತ್ತರ ನನಗೆ ತಿಳಿದಿರಲಿಲ್ಲ. ಆ ರಾಜಧಾನಿಗಳನ್ನು ನಾನು ಗ್ರಂಥಗಳಲ್ಲಿ ಕಂಡಿದ್ದೆನೇ ಹೊರತು ಕಾಲಿನಿಂದ ಮೆಟ್ಟಿರಲಿಲ್ಲ. ಆ ಹುಡುಗನ ಸಾಲವನ್ನು ತೀರಿಸಲೆಂದೇ ಕಳೆದ ಮಾಘಮಾಸದಲ್ಲಿ ಸಾಗರದ ಸೀಮೆಗೆ ಹೊರಟೆ.

ಸದಾಶಿವಸಾಗರವೆಂಬ ಕೆರೆಯ ಹೆಸರೇ ಊರಿಗೆ ನಿಂತು ಸಾಗರವಾಯಿತೆಂದು ಹೇಳುವರು. ಇಂದು ಅದು ಜೀವಂತವಾದ ಪೇಟೆ. ಬಿ.ಎಚ್. ರಸ್ತೆಯ ಗದ್ದಲವನ್ನು ದಾಟಿ ಮಾರಿಕಾಂಬಾ ದೇವಸ್ಥಾನದ ಕಡೆ ನಡೆದರೆ ಅಂಗಡಿ ಸಾಲು ಬಿಡುವುದೇ ಇಲ್ಲ. ಅಡಿಕೆ ಮಂಡಿಗಳಲ್ಲಿ ರಾಶಿ, ಬೆಟ್ಟೆ, ಗೊರಬಲುಗಳ ಮಾತು. ಗುಡಿಗಾರರ ಮನೆಗಳಲ್ಲಿ ಗಂಧದ ಕೊರಡಿನ ಮೇಲೆ ಉಳಿಯ ಸದ್ದು. ಹೋಟೆಲಿನಲ್ಲಿ ನೀರುದೋಸೆಯೊಡನೆ ಕಾಫಿಯ ಬದಲು ಕಷಾಯ ಕೇಳಿದೆ. ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಹುರಿದು ಪುಡಿಮಾಡಿ, ಬೆಲ್ಲ ಹಾಲು ಸೇರಿಸಿ ಕುದಿಸಿದ ಆ ಪಾನೀಯ ಮಲೆನಾಡಿನ ಚಳಿಗೆ ಔಷಧಿಯೂ ಹೌದು, ಉಪಚಾರವೂ ಹೌದು. ಆಲೆಮನೆಯ ಕಾಲವಾದ್ದರಿಂದ ತೊಡೆದೇವು ಸಹ ದೊರೆಯಿತು. ಉರಿಯ ಮೇಲೆ ಬೋರಲು ಹಾಕಿದ ಮಡಕೆಗೆ, ಕೋಲಿಗೆ ಸುತ್ತಿದ ಬಟ್ಟೆಯಿಂದ ಅಕ್ಕಿ ಹಾಗೂ ಕಬ್ಬಿನಹಾಲಿನ ತೆಳು ಹಿಟ್ಟನ್ನು ಬಳಿದು, ಕಾಗದದಂತೆ ಎಬ್ಬಿಸಿ ಮಡಿಸುವ ಆ ಕೈಚಳಕವನ್ನು ನೋಡಿಯೇ ಹೊಟ್ಟೆ ಅರ್ಧ ತುಂಬುತ್ತದೆ. ಆದರೆ ಇದು ಹಣ ಕೊಟ್ಟು ಉಂಡ ಊಟ. ಹುಡುಗನ ಪ್ರಶ್ನೆಗೆ ಇದು ಉತ್ತರವಲ್ಲ.

ಸಾಗರದ ಹತ್ತಿರವೇ ಕೆಳದಿ, ಇಕ್ಕೇರಿಗಳಿವೆ. ಕೆಳದಿಯಲ್ಲಿ ರಾಮೇಶ್ವರನಿಗೆ ವಂದಿಸಿ, ವೀರಭದ್ರನ ಗುಡಿಯ ಮೇಲ್ಛಾವಣಿಯ ಗಂಡಭೇರುಂಡವನ್ನು ಕಂಡು, ಇಕ್ಕೇರಿಗೆ ಬಂದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ 1623ರಲ್ಲಿ ಇಲ್ಲಿಗೆ ಬಂದಾಗ ವೆಂಕಟಪ್ಪನಾಯಕನು ಆಳುತ್ತಿದ್ದನು. ಹೆಣ್ಣುಮಕ್ಕಳು ಕೋಲು ಹಿಡಿದು ಸಾಲುಸಾಲಾಗಿ ಹಾಡಿ ಕುಣಿದುದನ್ನು ಆತ ಬರೆದಿಟ್ಟಿದ್ದಾನೆ. ಆ ಬೀದಿಗಳು ಈಗ ಗದ್ದೆ, ತೋಟ. ಉಳಿದಿರುವುದು ಅಘೋರೇಶ್ವರನ ಶಿಲಾಮಂದಿರ ಮತ್ತು ಎದುರಿನ ಮಂಟಪದ ಮಹಾನಂದಿ. ಗರ್ಭಗುಡಿಯ ಮುಂದಿನ ಕಂಬಗಳ ನಡುವಿನ ಅಂತರವನ್ನು ತೋಟದ ಭೂಮಿಯ ಅಳತೆಗೆ ಪ್ರಮಾಣವಾಗಿ ಇಟ್ಟುಕೊಂಡಿದ್ದರು. 18 ಅಡಿ 6 ಅಂಗುಲದ ಆ ಕೋಲಿನಿಂದ ಅಳೆದ ಜಾಗಕ್ಕೆ 'ದಾಯ' ಎಂದು ಹೆಸರು. ರೈತನ ಅಳತೆಗೋಲು ದೇವರ ಮುಂದೆಯೇ ಇದ್ದರೆ ಅದನ್ನು ಮೋಟುಮಾಡಲು ಯಾವ ಅಧಿಕಾರಿಗೆ ಧೈರ್ಯ ಬಂದೀತು?

ಮರುದಿನ ಬಸ್ಸು ಹಿಡಿದು ಹೊಸನಗರದ ಮೂಲಕ ಹಳೆಯ ಬಿದನೂರಿಗೆ ಹೋದೆ. ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿ ಇಕ್ಕೇರಿಯಿಂದ ಇಲ್ಲಿಗೆ ಬಂದಿತು. ಟಂಕಸಾಲೆಯೂ ಬಂದಿತು, ಆದರೂ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರೇ ಉಳಿಯಿತು. ಭೂಮಿಯನ್ನು ಗುಣಕ್ಕನುಸಾರ ಐದು ತರಗತಿಗಳಾಗಿ ವಿಂಗಡಿಸಿ ಕಂದಾಯ ಗೊತ್ತುಮಾಡಿದ ಶಿವಪ್ಪನಾಯಕನ ಶಿಸ್ತು ಹೊರಟದ್ದೂ, ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮಾಜಿ ಆಶ್ರಯವಿತ್ತದ್ದೂ ಈ ರಾಜಧಾನಿಯ ಕಾಲದಲ್ಲಿಯೇ. 1763ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆನಿಸಿ, ಕೊನೆಗೆ ಬರಿಯ 'ನಗರ'ವಾಯಿತು. ಕೋಟೆಯನ್ನು ಹತ್ತಿ, ಅರಮನೆಯ ಅಡಿಪಾಯವನ್ನೂ ಅಕ್ಕ-ತಂಗಿಯರ ಕೊಳವನ್ನೂ ನೋಡಿ ಕೆಳಗಿಳಿದು, ಒಬ್ಬ ಅಂಗಡಿಯವರನ್ನು "ಹಳೆಯ ಪೇಟೆ ಎಲ್ಲಿತ್ತಪ್ಪ?" ಎಂದೆ. "ನೀವು ನಿಂತಿದ್ದೇ ಪೇಟೆ ಅಯ್ನೋರೆ" ಎಂದರು. ಸುತ್ತ ನೋಡಿದೆ. ನಾಲ್ಕಾರು ಅಂಗಡಿಗಳು, ಆಚೆ ಕಾಡು.

ಕೊಪ್ಪಲು ಮಠದಲ್ಲಿರುವ ಅರಸು ಮನೆತನದ ಸಮಾಧಿಗಳಿಗೆ ನಮಿಸಿ ಹಿಂದಿರುಗುವಾಗ ಬಿಸಿಲು ನೆತ್ತಿಗೇರಿತ್ತು. ದಾರಿಯ ಪಕ್ಕದ ಹಂಚಿನ ಮನೆಯೊಂದರ ಜಗಲಿಯಿಂದ ವೃದ್ಧೆಯೊಬ್ಬರು ಕೂಗಿದರು: "ಬಿಸಿಲಲ್ಲಿ ನಡೆದು ಬಂದಿದೀರಿ ಅಯ್ನೋರೆ. ಆಸರಿಗೆ ಏನಾದ್ರೂ ಕುಡಿದೇ ಹೋಗ್ಬೇಕು." ಆಸರು ಎಂದರೆ ಬಾಯಾರಿಕೆಗೆ ಕೊಡುವ ಪಾನೀಯ.

ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಮಠದ ಆಚಾರದಲ್ಲಿ ಬೆಳೆದ ನಾನು ಒಂದು ಕ್ಷಣ ಹಿಂಜರಿದೆ. ಇವರು ಯಾರೋ, ಯಾವ ಕುಲದವರೋ ಎಂದು ಮನಸ್ಸು ಲೆಕ್ಕ ಹಾಕಿತು. ನಾಲ್ವತ್ತು ವರ್ಷ ಶರಣರ ಹೆಸರು ಹೇಳಿ ಉಂಡವನ ಮನಸ್ಸು ಅದು! ನಾಚಿಕೆಯಿಂದ ಜಗಲಿಯ ಮೇಲೆ ಕುಳಿತೆ. ಬೆಲ್ಲ, ನೀರು ಬಂದವು. ಹಿಂದೆಯೇ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ. ಹೊರಡುತ್ತೇನೆಂದರೆ ಬಿಡಲಿಲ್ಲ. ಒಂದೆಲಗದ ತಂಬುಳಿ, ಕುಚ್ಚಲಕ್ಕಿ ಅನ್ನ, ಅಪ್ಪೆಮಿಡಿಯ ಉಪ್ಪಿನಕಾಯಿಗಳು ಬಾಳೆಯೆಲೆಗೆ ಬಂದವು. ನನ್ನ ಕುಲವನ್ನು ಅವರು ಕೇಳಲಿಲ್ಲ. ಅವರ ಕುಲವನ್ನು ಕೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಯಾತ್ರೆಯ ಕೊನೆಯ ದಿನ ತೀರ್ಥಹಳ್ಳಿಯಲ್ಲಿ ತುಂಗೆಯ ಸ್ನಾನ ಮಾಡಿ ಕವಲೇದುರ್ಗವನ್ನು ಹತ್ತಿದೆ. ನಾಯಕರ ಗಿರಿದುರ್ಗವದು, ಕಲ್ಲು ಹಾಸಿದ ದಾರಿ, ಒಂದರ ಮೇಲೊಂದು ಹೆಬ್ಬಾಗಿಲು. ಮೇಲಿನ ಅರಮನೆಯ ಅವಶೇಷಗಳಲ್ಲಿ ಐದು ಬಾಯಿಯ ಕಲ್ಲಿನ ಒಲೆಯೊಂದಿದೆ. ಅದರ ಮುಂದೆ ಬಹಳ ಹೊತ್ತು ಕುಳಿತೆ. ದೊರೆ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ 'ಶಿವತತ್ತ್ವರತ್ನಾಕರ'ದ 108 ತರಂಗಗಳಲ್ಲಿ ಶಿವತತ್ತ್ವದೊಡನೆ ಪಾಕಶಾಸ್ತ್ರಕ್ಕೂ ಸ್ಥಳವಿದೆ. ಆ ಭಾಗವನ್ನು ನಾನು ಎಂದೂ ಪಾಠಹೇಳಿರಲಿಲ್ಲ. ತತ್ತ್ವದ ನಡುವೆ ಅಡುಗೆಮನೆಯ ಮಾತೇಕೆ ಎಂದು ಹಾಳೆ ಮಗುಚಿದ್ದೆ. ಅಂದು ತಿಳಿಯಿತು. ನಾಯಕರು ಊರೂರಿಗೆ ಮಠಗಳನ್ನು ಕಟ್ಟಿಸಿ ಭೂಮಿ ಬಿಟ್ಟ ಶಾಸನಗಳಿವೆ. ಬಂದವನಿಗೆ ಅನ್ನವಿಕ್ಕುವುದು ಆ ಮಠಗಳ ಕಾಯಕ. ಪರಸ್ಥಳದವನು ಉಣ್ಣುತ್ತಿದ್ದುದು ಅಲ್ಲಿ.

ಅರಮನೆಯ ಒಲೆ ಆರಿ ಎರಡೂವರೆ ಶತಮಾನಗಳಾದವು. ಆದರೆ ಬಿದನೂರಿನ ಆ ಜಗಲಿಯ ಹಿಂದಿನ ಒಲೆ ಆರಿಲ್ಲ. ಲಕ್ಷ ಮನೆಗಳಲ್ಲಿ ಒಂದಾದರೂ ಉಳಿದಿದೆ ಎಂದು ಆ ಹುಡುಗನಿಗೆ ಕಾಗದ ಬರೆದಿದ್ದೇನೆ.

ಸದ್ಭಕ್ತ ವಾಚಕರಲ್ಲಿ ಒಂದು ಬಿನ್ನಹ. ಜೋಗವನ್ನು ನೋಡಲು ಮಕ್ಕಳೊಡನೆ ಹೋಗುವವರು ನಗರಕ್ಕೂ ಒಂದು ದಿನ ಕೊಡಿರಿ. ಕೊಪ್ಪಲು ಮಠದಲ್ಲಿ ಮಕ್ಕಳ ಕೈಯಿಂದ ಒಂದು ಬಿಲ್ವಪತ್ರೆ ಇಡಿಸಿರಿ. ನಮ್ಮವರು ಲಕ್ಷ ಮನೆಗಳ ಪಟ್ಟಣ ಕಟ್ಟಿದ್ದರೆಂದು ಅವರಿಗೆ ಹೇಳುವುದು ಸುಲಭ. ಮನೆಗೆ ಮರಳಿದ ಮೇಲೆ, ಬಿಸಿಲಲ್ಲಿ ಬಂದ ಅಪರಿಚಿತನಿಗೆ ಕುಲ ಕೇಳದೆ ಒಂದು ಲೋಟ ಮಜ್ಜಿಗೆ ಕೊಡಲು ಕಲಿಸಿರಿ. ನಾನು ಕಲಿಯಲು ಅರವತ್ತು ವರ್ಷ ಬೇಕಾಯಿತು.